ಸಹಾಯ ಬೇಕು: ಮಿಕ್ಸಿ, ಗ್ರೈಂಡರ್ ಕೆನಡಾಕ್ಕೆ ಒಯ್ಯಬೇಕೇ?

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿರುವ ನಾವು ಮುಂದಿನ ತಿಂಗಳು ಟೊರಾಂಟೊಗೆ ಹೊರಡಲಿದ್ದು, ಅಡುಗೆಮನೆಯ ವಿದ್ಯುತ್ ಉಪಕರಣಗಳಲ್ಲಿ ಯಾವುದನ್ನು ಒಯ್ಯಬೇಕು, ಯಾವುದನ್ನು ಇಲ್ಲೇ ಬಿಡಬೇಕು ಎಂದು ತೀರ್ಮಾನಿಸಲಾಗದೆ ನಿಮ್ಮ ಸಲಹೆ ಕೇಳುತ್ತಿದ್ದೇನೆ. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್ (ಕರೆಂಟು ಸೆಕೆಂಡಿಗೆ ಎಷ್ಟು ಆವರ್ತ ಮುಗಿಸುತ್ತದೆ ಎಂಬ ಅಳತೆ). ಅಲ್ಲಿ 120 ವೋಲ್ಟ್, 60 ಹರ್ಟ್ಸ್. ಹಾಗಾಗಿ ಪ್ಲಗ್ ಬದಲಿಸಿದರಷ್ಟೇ ಸಾಲದು. ಫೋನ್, ಲ್ಯಾಪ್‌ಟಾಪ್ ಚಾರ್ಜರ್‌ಗಳ ಮೇಲೆ 100–240 ವೋಲ್ಟ್ ಎಂದು ಮುದ್ರಿಸಿರುವುದರಿಂದ ಅವುಗಳ ಚಿಂತೆಯಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ತಂಗಿಗೆ ಕೊಟ್ಟಾಯಿತು.

ತೊಡಕಿರುವುದು 750 ವ್ಯಾಟ್ ಮಿಕ್ಸಿ ಮತ್ತು ಅತ್ತೆಯವರು ಬಿಟ್ಟುಹೋಗಲು ಒಪ್ಪದ ಎರಡು ಲೀಟರಿನ ವೆಟ್ ಗ್ರೈಂಡರ್ ವಿಷಯದಲ್ಲಿ. ಮಿಕ್ಸಿಗೆ ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಸಾಕು, ಆದರೆ ಮೋಟಾರು ಶುರುವಾಗುವಾಗ ಹೆಚ್ಚು ಕರೆಂಟು ಎಳೆಯುವುದರಿಂದ 1500 ವ್ಯಾಟಿನದಾದರೂ ಬೇಕೆನ್ನುತ್ತಾರೆ. ಸೂಟ್‌ಕೇಸಿನ 23 ಕಿಲೋದಲ್ಲಿ ದೊಡ್ಡ ಪಾಲನ್ನು ಅದೇ ನುಂಗುತ್ತದೆ. ಗ್ರೈಂಡರಿನ ಇಂಡಕ್ಷನ್ ಮೋಟಾರಿನ ವೇಗವು ಹರ್ಟ್ಸ್ ಅನ್ನೇ ಅವಲಂಬಿಸಿರುವುದರಿಂದ, ವೋಲ್ಟೇಜನ್ನಷ್ಟೇ ಬದಲಿಸುವ ಟ್ರಾನ್ಸ್‌ಫಾರ್ಮರ್ ಹಾಕಿದರೂ ಅದು ಸುಮಾರು ಶೇ. 20ರಷ್ಟು ಜೋರಾಗಿ ತಿರುಗುತ್ತದೆ. ಮಗುಚಿ ಹಾಕಿ ತಳದ ಚೀಟಿ ಓದಿದೆ. ಹಿಟ್ಟಿನ ಕಲೆಯ ಕೆಳಗೆ 50 ಹರ್ಟ್ಸ್ ಎಂದಷ್ಟೇ ಇದೆ.

ಇಂಥ ಗ್ರೈಂಡರನ್ನು ಒಯ್ದು ಅಲ್ಲಿ ಒಂದೆರಡು ವರ್ಷವಾದರೂ ಬಳಸಿದವರು, ಇಲ್ಲವೇ ಅಲ್ಲಿನ ವಿದ್ಯುತ್ತಿಗೆಂದೇ ಮಾಡಿದ, 110 ವೋಲ್ಟಿನದೆಂದು ಮಾರುವ ಮಾದರಿಯನ್ನೇ ಕೊಂಡವರು ಇದ್ದರೆ, ಮೋಟಾರು ಬಿಸಿಯಾಯಿತೇ, ಇಡ್ಲಿ ಹಿಟ್ಟು ಸರಿಯಾಗಿ ಬಂದಿತೇ ಎಂಬುದನ್ನು ದಯವಿಟ್ಟು ತಿಳಿಸಿ.