ಫ್ಯಾಂಟಸಿ ಬರಿಯಾಕ ಲೈಫಿನ್ಯಾಗ ಏನರ ಆಗಿರಬೇಕೇನ್ರಿ?

ಬೆಟಗೇರಿ_ಲಾಳಿ:
ನಮಸ್ಕಾರ್ರೀ ಎಲ್ಲಾರಿಗೂ. ಎರಡ ವರ್ಷ ಆತು, ಕನ್ನಡದಾಗ ಒಂದ ಫ್ಯಾಂಟಸಿ ಕಾದಂಬರಿ ಬರಿಯಾಕತ್ತೀನಿ. ಹಿಮದ ರಾಜ್ಯ, ಕಲ್ಲಿನ ಕೋಟಿ, ಡ್ರ್ಯಾಗನ್ನು, ಬಿಳಿ ಗಡ್ಡದ ಮುದುಕ ಮಾಂತ್ರಿಕ, ಎಲ್ಲಾ ಐತಿ. ಮೊನ್ನೆ ದೋಸ್ತಗ ನೂರ ಪೇಜ್ ಓದಾಕ ಕೊಟ್ಟಿದ್ದೆ. ಅಂವ ಗಿರಮಿಟ್ ತಿನ್ಕೋತ "ಲೇ, ಎಲ್ಲಾ ಛಲೋ ಐತಿ, ಆದ್ರ ಇದರಾಗ ನೀ ಎಲ್ಲೂ ಇಲ್ಲಲೋ" ಅಂದ. ಸಿಟ್ಟ ಬಂತು ಖರೆ, ಆದ್ರ ರಾತ್ರಿ ನಿದ್ದಿ ಬರಲಿಲ್ಲ. 'ಲಾರ್ಡ್ ಆಫ್ ದ ರಿಂಗ್ಸ್' ಬರದ ಟೋಲ್ಕಿನ್ ಯುದ್ಧಕ್ಕ ಹೋಗಿ ಬಂದಿದ್ದ, ಅದಕ್ಕ ಅಂವ ಬರದ ಯುದ್ಧ ನಂಬಬೇಕು ಅನಸ್ತೈತಿ. ನಾ ಬೆಟಗೇರಿ ಬಿಟ್ಟ ಹೋಗಿದ್ದಂದ್ರ ಹುಬ್ಬಳ್ಳಿಗೆ, ಅದೂ ಬಿಇ ಮಾಡಾಕ, ಮತ್ತ ಹಿಮ ನೋಡಿದ್ದು ನಮ್ಮನಿ ಫ್ರಿಜ್ಜಿನ್ಯಾಗ ಅಷ್ಟ. ಏನೂ ಆಗಿಲ್ದಾಂವ ಫ್ಯಾಂಟಸಿ ಬರಿಬಾರದೇನು?

ಸಪ್ತಾಪುರ_ಮಾಸ್ತರ:
ತಮ್ಮಾ, ಟೋಲ್ಕಿನ್ ಹೆಸರ ತಗದಿದಿ ಅಂತ ಹೇಳ್ತೀನಿ. ಅಂವ ಮೊದಲನೇ ಮಹಾಯುದ್ಧದಾಗ, 1916ರಾಗ ಫ್ರಾನ್ಸಿನ ಸೋಮ್ ಅನ್ನೂ ಕಡೆ ಜರ್ಮನ್ನರ ಜೋಡಿ ಆದ ಯುದ್ಧದಾಗ ಸಿಗ್ನಲ್ ಆಫೀಸರ್ ಇದ್ದ. ಹೇನಿನಿಂದ ಹರಡೂ ಟ್ರೆಂಚ್ ಫೀವರ್ ಬಂದು ನವೆಂಬರದಾಗ ಇಂಗ್ಲೆಂಡಿಗೆ ವಾಪಸ್ ಹೋದ, ಇಲ್ಲಂದ್ರ ಉಳೀತಿದ್ನೋ ಇಲ್ಲೋ. ಸಾಲಿ ದಿನದಿಂದ ಜೋಡಿ ಇದ್ದ ನಾಲ್ಕ ಮಂದಿ ದೋಸ್ತರೊಳಗ ಇಬ್ಬರು ಅದ ವರ್ಷ ತೀರಿಕೊಂಡ್ರು. ಆದ್ರ 'ಲಾರ್ಡ್ ಆಫ್ ದ ರಿಂಗ್ಸ್' ಛಾಪಾಗಿ ಬಂದದ್ದು 1954ರಾಗ! ನಡುವ ಮೂವತ್ತೆಂಟ ವರ್ಷ. ಅಷ್ಟ ವರ್ಷ ಒಳಗ ಕುದ್ದ ಮ್ಯಾಲೆ ಅದರಾಗ ಮಶೀನ್‌ಗನ್ ಉಳಿಲಿಲ್ಲ, ಜರ್ಮನ್ನರೂ ಉಳಿಲಿಲ್ಲ. ಉಳದದ್ದೇನು? ಒಂದ ಜವಳ ನೆಲ, ನಿಂತ ನೀರು, ನೀರಿನ ತಳದಾಗ ಸತ್ತವರ ಮುಖ. ಆ ಜವಳು ನೆಲಕ್ಕ ಸೋಮ್ ಯುದ್ಧ ಆದ ಮ್ಯಾಲಿನ ಉತ್ತರ ಫ್ರಾನ್ಸಿನ ಋಣ ಸ್ವಲ್ಪ ಐತಿ ಅಂತ ಅಂವನ ಒಂದ ಪತ್ರದಾಗ ಒಪ್ಕೊಂಡಾನ. ಆ ಪುಸ್ತಕದಾಗ ಯಜಮಾನನ ಬುತ್ತಿ-ಭಾಂಡೆ ಹೊತ್ತು ಕೊನಿತನಕ ಬರೂ ಸ್ಯಾಮ್ ಅದಾನಲ್ಲ, ಅಂವ ಅಂತೂ ಟೋಲ್ಕಿನ್ ಯುದ್ಧದಾಗ ನೋಡಿದ ಸಾದಾ ಸಿಪಾಯಿಗಳ ಪಡಿಯಚ್ಚು. ಇಷ್ಟಿದ್ರೂ "ನಿಮ್ಮ ಕತಿ ಅಂದ್ರ ಆ ಯುದ್ಧ ಹೌದಲ್ರೀ" ಅಂತ ಯಾರರ ಅಂದ್ರ ಅಂವಗ ಸೇರ್ತಿರಲಿಲ್ಲ.

ಉಣಕಲ್_ನೈಟ್‌ಶಿಫ್ಟ್:
ಮಾಸ್ತರ, ಬರೋಬ್ಬರಿ ಹೇಳಿದ್ರಿ, ಆದ್ರ ಲೈಫಿಗೂ ಕತಿಗೂ ಹೊಂದಸೂ ಈ ಆಟಕ್ಕ ಒಂದ ಲಿಮಿಟ್ ಬೇಕ್ರಿ. ಟೋಲ್ಕಿನ್‌ಗ ಸಣ್ಣಾಂವಿದ್ದಾಗ ದಕ್ಷಿಣ ಆಫ್ರಿಕಾದಾಗ ಜೇಡರ ಹುಳ ಕಡದಿತ್ತು, ಮಂದಿ ಅದನ್ನ ಹಿಡಕೊಂಡು "ನೋಡ್ರಿ, ಅದಕ್ಕ ಅಂವನ ಕತ್ಯಾಗ ದೊಡ್ಡ ದೊಡ್ಡ ಜೇಡ ಬಂದಾವು" ಅಂತಾರ. ಅಂವ ಏನಂದ ಗೊತ್ತೈತೇನು, ನನಗ ಜೇಡರ ಹುಳದ ಹೆದರಿಕಿ ಅಷ್ಟಕ್ಕಷ್ಟ, ನಮ್ಮ ಹುಡುಗ ಒಬ್ಬ ಹೆದರತಿದ್ದ, ಅವನ್ನ ಅಂಜಸಾಕ ಹಾಕೀನಿ ಅಂತ. ಮುಗೀತು!

ಇನ್ನ ಲಾಳಿ ಬ್ರೋ, ನಿಂಗ ಯುದ್ಧ ಬ್ಯಾಡ. ಅಮೇರಿಕಾದ ಫ್ಯಾಂಟಸಿ ಲೇಖಕಿ ಉರ್ಸುಲಾ ಲೆ ಗ್ವಿನ್ ಯಾವ ಯುದ್ಧಕ್ಕ ಹೋಗಿದ್ಲು? ಅಕಿ ಅಪ್ಪ ಆಲ್ಫ್ರೆಡ್ ಕ್ರೋಬರ್, ಬುಡಕಟ್ಟ ಮಂದಿ ಬಗ್ಗೆ ಅಭ್ಯಾಸ ಮಾಡೂ ಪ್ರೊಫೆಸರ್. 1911ರಾಗ ಕ್ಯಾಲಿಫೋರ್ನಿಯಾದಾಗ ತನ್ನ ಕುಲದ ಮಂದಿಯೆಲ್ಲಾ ಸತ್ತು ಒಬ್ಬನ ಉಳದಿದ್ದ ಒಬ್ಬಾಂವ ಕಾಡಿನಿಂದ ಹೊರಗ ಬಂದ. ತನ್ನ ಹೆಸರು ತಾನ ಹೇಳೂದು ಅವರೊಳಗ ಪದ್ಧತಿ ಇಲ್ಲ, ಹೇಳಾಕ ಕುಲದವರು ಬೇಕು, ಅವರು ಇಲ್ಲ. ಅದಕ್ಕ ಕ್ರೋಬರ್ ಅಂವಗ 'ಇಶಿ' ಅಂತ ಕರದ, ಅಂದ್ರ ಅವರ ಮಾತಿನ್ಯಾಗ 'ಮನಷ್ಯಾ' ಅಂತ ಅಷ್ಟ. ಖರೇ ಹೆಸರು ಅಂವನ ಜೋಡಿ 1916ರಾಗ ಮಣ್ಣಾತು. ಲೆ ಗ್ವಿನ್ ಹುಟ್ಟಿದ್ದ 1929ರಾಗ, ಅಂವನ್ನ ನೋಡೇ ಇಲ್ಲ. ಆದ್ರ ಅಕಿ ಅವ್ವ ಅಂವನ ಮ್ಯಾಲೆ 1961ರಾಗ ಒಂದ ಪುಸ್ತಕ ಬರದ್ಲು. ಮುಂದ 1968ರಾಗ ಮಗಳು ಬರದ ಮಾಂತ್ರಿಕರ ಕತ್ಯಾಗ ಎಲ್ಲಾರಿಗೂ ಒಂದ ಗುಟ್ಟಿನ ಹೆಸರು, ಅದು ಗೊತ್ತಾದಾಂವನ ಕೈಯಾಗ ನಿನ್ನ ಜೀವ. ಅದು ಇದರಿಂದನ ಬಂತು ಅಂತ ನಾ ಆಣಿ ಮಾಡಂಗಿಲ್ಲ, ಆದ್ರ ಎರಡೂ ಓದಿದ ಮ್ಯಾಲೆ ಮೈ ಜುಂ ಅಂತೈತಿ ನೋಡು.

ಹಾನಗಲ್ಲಕ್ಕ:
ಎಲ್ಲಾರೂ ಆದದ್ದರ ಬಗ್ಗೆನ ಮಾತಾಡಾಕತ್ತೀರಿ. ಆಗಲಿಲ್ಲ ಅಂತ ಮನಸಿನ್ಯಾಗ ಕೊರೀತಿರತೈತಲ್ಲ, ಅದೂ ಕತ್ಯಾಗ ಬರತೈತ್ರಿ. ನಾರ್ನಿಯಾ ಅನ್ನೂ ಮಾಯಾಲೋಕದ ಕತಿ ಬರದ ಸಿ.ಎಸ್. ಲೂಯಿಸ್ ಅವ್ವ 1908ರಾಗ ಕ್ಯಾನ್ಸರಿನಿಂದ ತೀರಿಕೊಂಡ್ಲು, ಹುಡುಗಗ ಆಗ ಒಂಬತ್ತ ವರ್ಷ. ದೇವರ ಮುಂದ ಕುಂತು ಕೇಳ್ಕೊಂಡ, ಆಗಲಿಲ್ಲ. 1955ರಾಗ ಅಂವ ಬರದ ನಾರ್ನಿಯಾ ಪುಸ್ತಕದಾಗ ಒಬ್ಬ ಹುಡುಗ, ಅಂವನ ಅವ್ವ ಹಾಸಿಗಿ ಹಿಡದಾಳ, ಹುಡುಗ ಬ್ಯಾರೆ ಲೋಕದಿಂದ ಒಂದ ಸೇಬು ತಂದು ತಿನಸ್ತಾನ, ಅವ್ವ ಆರಾಮಾಗತಾಳ. ನಲವತ್ತೇಳ ವರ್ಷ ಆದ ಮ್ಯಾಲೆ! ನಮ್ಮವ್ವ ಹೋದಾಗ ನಾ ಪಿಯುಸಿ ಇದ್ದೆ, ಆ ಪೇಜ್ ಓದೂವಾಗ ಬಸ್ಸಿನ್ಯಾಗ ಕುಂತಿದ್ದೆ, ಬಾಜೂಕಿನಾಕಿ "ಏನಾತವಾ" ಅಂತ ಕೇಳಿದ್ಲು. ಕಿಟಕಿ ಧೂಳು ಅಂದೆ.

ರಾಣೆಬೆನ್ನೂರ_ಖಾರ:
ಹಿಮ ಯಾಕ ಬೇಕೋ ಮಾರಾಯಾ? ನಮ್ಮ ರಾಣೆಬೆನ್ನೂರ ಕಡೆ ದೇವರಗುಡ್ಡದ ಜಾತ್ರಿಗೆ ಬಾ. ಗೊರವಯ್ಯ ಬಿಲ್ಲ ಏರಿ "ಸದ್ದಲೇ" ಅಂದ್ರ ಸಾವಿರಗಟ್ಟಲೆ ಮಂದಿ ಗಪ್‌ಚುಪ್. ಕೂಸೂ ಅಳಂಗಿಲ್ಲ. ಒಂದ ಸಾಲು ಕಾರಣಿಕ, ಅಂದ್ರ ಮುಂದ ಆಗೂದರ ಮಾತು, ನುಡದು ಮ್ಯಾಲಿಂದ ಕೈ ಬಿಟ್ಟ ಬೀಳ್ತಾನ, ಕೆಳಗಿನ ಮಂದಿ ಹಿಡಕೋತಾರ. ಆಮ್ಯಾಗ ಚಾದಂಗಡ್ಯಾಗ ಒಬ್ಬಾಂವ ಅದು ಮಳಿ ಬಗ್ಗೆ ಅಂತಾನ, ಇನ್ನೊಬ್ಬ ಹತ್ತಿ ರೇಟು ಅಂತಾನ, ಮತ್ತೊಬ್ಬ ಸರ್ಕಾರ ಬೀಳತೈತಿ ಅಂತಾನ. ನಾ ಅದನ್ನ ಮೊದಲ ನೋಡಿದ್ದು ಅಪ್ಪನ ಹೆಗಲ ಮ್ಯಾಲೆ ಕುಂತು. ನಿನ್ನ ಬಿಳಿ ಗಡ್ಡದ ಮುದುಕ ಎಷ್ಟ ಭವಿಷ್ಯ ಹೇಳಿದ್ರೂ ಇದರ ಮುಂದ ಸಪ್ಪನ.

ಬೆಟಗೇರಿ_ಲಾಳಿ:
ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರೀ. ಹಾನಗಲ್ಲಕ್ಕಾರ, ನಿಮ್ಮ ಕಾಮೆಂಟ್ ಎರಡ ಸಲ ಓದಿದೆ.

ನಿನ್ನೆ ರಾತ್ರಿ ಕುಂತು ನನಗ ಏನ ಗೊತ್ತೈತಿ ಅಂತ ವಿಚಾರ ಮಾಡಿದೆ. ನಮ್ಮನ್ಯಾಗ ಮೊದಲ ಕುಣಿಮಗ್ಗ ಇತ್ರಿ, ಹೆಸರ ನೋಡಿದ್ರ ಗೊತ್ತಾಗಿರಬೇಕು. ಹಳೇ ಹಾಸು, ಅಂದ್ರ ಮಗ್ಗದ ಮ್ಯಾಲಿನ ಉದ್ದ ಎಳಿ, ಮುಗಿಯೂ ಟೈಮಿಗೆ ಅದರ ಎಳಿಗೆ ಹೊಸ ಹಾಸಿನ ಎಳಿ ಕೆಚ್ಚಬೇಕು, ಒಂದೊಂದ ಎಳಿ, ಸಾವಿರಗಟ್ಟಲೆ. ಅದು ನಮ್ಮ ಆಯಿ ಕೆಲಸ. ಬಾಜೂಕ ಒಂದ ತಟ್ಟಿಯೊಳಗ ಒಲಿ ಬೂದಿ, ಬೆರಳಿಗೆ ಹಚ್ಚಿಕೋಬೇಕು, ಎಳಿ ಎರಡೂ ಕೂಡಿಸಿ ಒಂದ ಸಲ ಹೊಸದ್ರ ಸಾಕು, ಗಂಟಿಲ್ದ ಕೂಡ್ತಾವು. ಆಯಿಗೆ ಕಣ್ಣು ಮಂದ ಆಗಿದ್ವು, ಕರೆಂಟ್ ಹೋದ್ರೂ ಕೈ ನಿಲ್ಲತಿರಲಿಲ್ಲ, ನಾ ಬ್ಯಾಟರಿ ಹಿಡದ್ರ "ಸರಿಯಲೇ, ಬೆಳಕ ಅಡ್ಡ ಬರತೈತಿ" ಅಂತಿದ್ಲು. ಮಗ್ಗ ಮಾರಿದ ಮ್ಯಾಲೂ ಜಗಲಿ ಮ್ಯಾಲೆ ಕುಂತಾಗ ಅಕಿ ಹೆಬ್ಬೆರಳು ತೋರಬೆರಳು ಸುಮ್ನ ಹೊಸೀತಿದ್ವು.

ಬಿಳಿ ಗಡ್ಡದ ಮುದುಕನ್ನ ತಗದೆ. ಅಂವನ ಜಾಗಾಕ್ಕ ಕಣ್ಣು ಮಂದ ಆದ ಒಬ್ಬ ಮುದುಕಿ ಬಂದಾಳ, ಬೆರಳಿಗೆ ಬೂದಿ ಐತಿ, ಏನ ಕೂಡಸ್ತಾಳ ಅನ್ನೂದು ನನಗೂ ಇನ್ನ ಗೊತ್ತಿಲ್ಲ. ಮೂರ ಪೇಜ್ ಆಗ್ಯಾವು, ದೋಸ್ತಗ ಇನ್ನ ತೋರಿಸಿಲ್ಲ.

ಡ್ರ್ಯಾಗನ್ ಮಾತ್ರ ತಗಿಯಂಗಿಲ್ರಿ, ಅದನ್ನ ಯಾರೂ ಕೇಳಬ್ಯಾಡ್ರಿ.