‘ಸ್ಟಾಕಿಂಗ್ ಹಾರ್ಸ್’ ಎಂಬುದಕ್ಕೆ ‘ಮರೆಗುದುರೆ’ ಸಲ್ಲುತ್ತದೆಯೇ?

ಬಲ್ಲವರಲ್ಲಿ ಒಂದು ಪ್ರಶ್ನೆ. ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಅಧಿಕಾರದ ಕೊನೆಯ ವರ್ಷವನ್ನು ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಪೋಲ್ ಟ್ಯಾಕ್ಸ್’ಗೆ ತಡಕಾಡಬೇಕಾಗಲಿಲ್ಲ. ಮನೆಯ ಬೆಲೆ ನೋಡದೆ ತಲೆಗಿಷ್ಟು ಎಂದು ವಿಧಿಸಿದ ತೆರಿಗೆ ಅದು. ‘ತಲೆಗಂದಾಯ’ ಎಂದು ಬರೆದು ಮುಂದೆ ಹೋದೆ. ನಿಂತುಬಿಟ್ಟದ್ದು ‘ಸ್ಟಾಕಿಂಗ್ ಹಾರ್ಸ್’ ಎಂಬ ಮಾತಿನ ಮುಂದೆ.

ಸಂದರ್ಭ ಹೀಗಿದೆ. 1989ರ ಅಕ್ಟೋಬರಿನಲ್ಲಿ ಬ್ಯಾಂಕ್ ಬಡ್ಡಿದರ ಶೇ 15ಕ್ಕೆ ಏರಿತ್ತು. ಅದೇ ತಿಂಗಳ 26ರಂದು ಹಣಕಾಸು ಸಚಿವ ನೈಜಲ್ ಲಾಸನ್ ರಾಜೀನಾಮೆ ಕೊಟ್ಟರು. ಥ್ಯಾಚರ್ ಎಷ್ಟು ದಿನ ಉಳಿಯುತ್ತಾರೆ, ಅವರ ನಂತರ ಯಾರು ಎಂಬ ಮಾತು ಅವರ ಕನ್ಸರ್ವೇಟಿವ್ ಪಕ್ಷದೊಳಗೇ ಹರಿದಾಡುತ್ತಿತ್ತು. ಆದರೆ ಎದುರು ನಿಲ್ಲಲು ಘಟಾನುಘಟಿಗಳು ಯಾರೂ ಸಿದ್ಧರಿರಲಿಲ್ಲ. ಸೋತರೆ ಮುಂದಿನ ದಾರಿಯೇ ಮುಚ್ಚಿಹೋಗುವ ಭಯ. ಆಗ ನಾಯಕತ್ವದ ಚುನಾವಣೆಗೆ ನಿಂತವರು ವೇಲ್ಸ್ ಪ್ರಾಂತದ ಸಂಸದ, 69 ವರ್ಷದ ಸರ್ ಆಂಟನಿ ಮೇಯರ್. ಡಿಸೆಂಬರ್ 5ರಂದು ಥ್ಯಾಚರ್ ಅವರಿಗೆ 314 ಮತ, ಮೇಯರ್ ಅವರಿಗೆ 33. ಮತ ಹಾಕದವರು, ಮತಪತ್ರ ಕೆಡಿಸಿದವರು ಇನ್ನೂ 27 ಮಂದಿ. ಅಂದರೆ 60 ಸಂಸದರು ತಮ್ಮ ಪ್ರಧಾನಿಯ ಕೈಬಿಟ್ಟಿದ್ದರು. ಗೆಲ್ಲುವುದು ಮೇಯರ್ ಅವರ ಗುರಿಯಾಗಿರಲಿಲ್ಲ. ಅತೃಪ್ತಿ ಎಷ್ಟಿದೆ ಎಂದು ಎಣಿಸಿ ತೋರಿಸುವುದು, ದೊಡ್ಡವರೊಬ್ಬರು ಮುಂದೆ ಬರಲು ದಾರಿ ಮಾಡಿಕೊಡುವುದು ಅವರ ಕೆಲಸ. ಅಂಥವರಿಗೆ ಇಂಗ್ಲಿಷಿನಲ್ಲಿ ಆ ಹೆಸರು.

ನನ್ನ ಲೇಖನದ ಮೊದಲ ಕರಡನ್ನು ನೋಡಿದ ಸಂಪಾದಕರು ‘ಡಮ್ಮಿ ಅಭ್ಯರ್ಥಿ’ ಎಂದು ತಿದ್ದಿದರು. ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಚುನಾವಣೆಗಳಲ್ಲಿ ಡಮ್ಮಿ ಎಂದರೆ ಮುಖ್ಯ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾದರೆ ಇರಲಿ ಎಂದು ಅರ್ಜಿ ಹಾಕಿದವರು, ಇಲ್ಲವೇ ಮತ ಒಡೆಯಲು ನಿಲ್ಲಿಸಿದವರು. ‘ಹರಕೆಯ ಕುರಿ’ ಪತ್ರಿಕೆಗಳಿಗೆ ಪ್ರಿಯವಾದ ಮಾತು. ಆದರೆ ಕುರಿಯನ್ನು ಬೇರೆಯವರು ಎಳೆದು ತರುತ್ತಾರೆ. ಮೇಯರ್ ತಾವಾಗಿಯೇ ನಿಂತರು. ತೆತ್ತದ್ದು ಕಡಿಮೆಯಲ್ಲ ಎಂಬುದು ನಿಜ: 1990ರ ಜನವರಿಯಲ್ಲಿ ಅವರ ಕ್ಷೇತ್ರದ ಪಕ್ಷದವರು ಮುಂದಿನ ಚುನಾವಣೆಗೆ ಅವರನ್ನು ಕೈಬಿಟ್ಟರು.

‘ಶಿಖಂಡಿ ಎನ್ನಬಾರದೇಕೆ?’ ಎಂದು ಗೆಳೆಯರೊಬ್ಬರು ಕೇಳಿದರು. ಹಿರಿಯ ಯೋಧನನ್ನು ಕೆಡವಲು ಮುಂದೆ ಒಬ್ಬರು, ಹಿಂದೆ ಬಿಲ್ಲು ಹಿಡಿದವರು ಒಬ್ಬರು: ಚಿತ್ರ ಕನ್ನಡದ ಓದುಗರಿಗೆ ಥಟ್ಟನೆ ಹೊಳೆಯುತ್ತದೆ. ಆದರೂ ನಾನು ಬಳಸುವುದಿಲ್ಲ. ಆ ಹೆಸರನ್ನು ನಾವು ಬೈಗುಳವಾಗಿ ಬಳಸಿ ಬಳಸಿ ಎಷ್ಟೋ ಜನರನ್ನು ನೋಯಿಸಿದ್ದೇವೆ. ಒಬ್ಬ ಸಂಸದನ ಧೈರ್ಯವನ್ನು ಹೇಳಲು ಆ ಮಾತು ಬೇಡ.

ಇನ್ನು ಬೇಟೆಯ ಪದಗಳು. ‘ಸ್ಟಾಕಿಂಗ್ ಹಾರ್ಸ್’ ಮೂಲದಲ್ಲಿ ಬೇಟೆಯ ಮಾತೇ. ಬೇರೆ ಜಿಂಕೆಗಳನ್ನು ಸೆಳೆಯಲು ಬೇಟೆಗಾರರು ಪಳಗಿಸಿ ಬಿಡುತ್ತಿದ್ದ ಜಿಂಕೆಗೆ ಹಳೆಯ ಕನ್ನಡದಲ್ಲಿ ‘ದೀವ’, ‘ದೀಹ’ ಎಂಬ ಹೆಸರುಗಳಿವೆ. ಎಂಥ ಚೆಂದದ ಪದ! ಒಂದು ಇಡೀ ಸಂಜೆ ಅದನ್ನೇ ಇಟ್ಟುಕೊಳ್ಳಬೇಕೆಂದು ಹಟ ಹಿಡಿದಿದ್ದೆ. ಆದರೆ ಅರ್ಥ ಕೂಡುವುದಿಲ್ಲ. ದೀವ ಮಿಗವನ್ನು ಹತ್ತಿರಕ್ಕೆ ಎಳೆಯುತ್ತದೆ. ಇಂಗ್ಲಿಷಿನ ಕುದುರೆ ಬೇಟೆಗಾರನನ್ನು ಮುಚ್ಚುತ್ತದೆ. ಕುದುರೆಗೆ ಹಕ್ಕಿಗಳು ಬೆದರುವುದಿಲ್ಲ. ಅದರ ಮಗ್ಗುಲಿಗೆ ಅಂಟಿಕೊಂಡು ಹೆಜ್ಜೆ ಹಾಕಿದರೆ ಗುಂಡಿನ ಅಳತೆಗೆ ಸಿಗುವಷ್ಟು ಹತ್ತಿರ ಹೋಗಬಹುದು.

ಇದನ್ನು ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಹಾವೇರಿ ಸೀಮೆಯ ನಮ್ಮೂರ ಕೆರೆ. ಚಳಿಗಾಲದಲ್ಲಿ ಬಾತುಗಳು ಬಂದಿಳಿಯುತ್ತಿದ್ದವು. ಮುದುಕನೊಬ್ಬ ಎಮ್ಮೆಯನ್ನು ನೀರಿನಂಚಿಗೆ ಬಿಟ್ಟುಕೊಂಡು, ಅದರ ಪಕ್ಕೆಗೆ ಹೆಗಲು ತಾಗಿಸಿ, ಎಮ್ಮೆ ಮೇಯಲು ನಿಂತರೆ ತಾನೂ ನಿಂತು, ಅದು ಕಾಲೆತ್ತಿದರೆ ತಾನೂ ಕಾಲೆತ್ತಿ, ಬಲೆ ಹಿಡಿದು ಹೋಗುತ್ತಿದ್ದ. ದಂಡೆಯ ಮೇಲೆ ಕುಳಿತ ನಮಗೆ ಉಸಿರಾಡಲೂ ಹೆದರಿಕೆ. ಆ ಎಮ್ಮೆಗೆ ಆತ ಒಂದು ಹೆಸರು ಹೇಳುತ್ತಿದ್ದ. ಎಷ್ಟು ನೆನೆಸಿಕೊಂಡರೂ ಅದು ನೆನಪಿಗೆ ಬರುತ್ತಿಲ್ಲ.

ಸದ್ಯಕ್ಕೆ ನಾನು ಕಟ್ಟಿಕೊಂಡಿರುವುದು ‘ಮರೆಗುದುರೆ’. ಬಿಸಿಲುಗುದುರೆ, ತಲೆಗಂದಾಯಗಳ ಹಾಗೆ ಇಲ್ಲಿಯೂ ಕಕಾರ ಗಕಾರವಾಗಿದೆ; ಕಿವಿಗೆ ಹೊಸದೆನಿಸುವುದಿಲ್ಲ. ಇನ್ನೊಂದು ಅನುಕೂಲವೂ ಇದೆ. ಆ ದಿನಗಳ ಲಂಡನ್ ಪತ್ರಿಕೆಗಳು ಮೇಯರ್ ಅವರನ್ನು ಕುದುರೆಯ ಬದಲು ಕತ್ತೆ ಮಾಡಿ, ‘ಸ್ಟಾಕಿಂಗ್ ಡಾಂಕಿ’ ಎಂದು ಹಂಗಿಸಿದ್ದವು. ‘ಡಮ್ಮಿ’ ಎಂದು ಬರೆದರೆ ಆ ಹಂಗಿನ ಮಾತು ಅನುವಾದದಲ್ಲಿ ಸತ್ತೇಹೋಗುತ್ತದೆ. ‘ಮರೆಗುದುರೆ’ ಇದ್ದರೆ ‘ಮರೆಗತ್ತೆ’ ತಾನಾಗಿಯೇ ಬರುತ್ತದೆ. ತೊಡಕೆಂದರೆ, ಮರೆಯುವುದು ಎಂಬ ಅರ್ಥದ ‘ಮರೆ’ ಓದುಗರಿಗೆ ಮೊದಲು ಹೊಳೆಯಬಹುದು. ಅಚ್ಚಿನಲ್ಲಿ ಒಂದು ಎತ್ವ ಬಿದ್ದುಹೋದರೆ ‘ಮರಗುದುರೆ’ಯಾಗುತ್ತದೆ.

ಪದಕ್ಕೆ ಇನ್ನೊಂದು ಪರೀಕ್ಷೆ ಉಂಟು. 1990ರ ನವೆಂಬರ್ 20ರ ನಾಯಕತ್ವದ ಚುನಾವಣೆಯಲ್ಲಿ ಥ್ಯಾಚರ್ ಎದುರು ನಿಂತವರು ಅವರದೇ ಪಕ್ಷದ ಮೈಕೆಲ್ ಹೆಸೆಲ್ಟೈನ್. ಇವರು ಯಾರ ಮರೆಯೂ ಅಲ್ಲ. ತಾವೇ ಗದ್ದುಗೆ ಬಯಸಿದವರು. ಥ್ಯಾಚರ್ 204, ಹೆಸೆಲ್ಟೈನ್ 152. ಮೊದಲ ಸುತ್ತಿನಲ್ಲೇ ಗೆಲ್ಲಲು ನಿಯಮ ಕೇಳುತ್ತಿದ್ದ ಅಂತರಕ್ಕೆ ಥ್ಯಾಚರ್ ಅವರಿಗೆ ನಾಲ್ಕು ಮತ ಸಾಲಲಿಲ್ಲ. ಮರುದಿನ ಸಂಜೆ ಸಂಪುಟದ ಸಚಿವರು ಒಬ್ಬೊಬ್ಬರಾಗಿ ಅವರ ಕೋಣೆಗೆ ಹೋಗಿ ಬಂದರು. 22ರ ಬೆಳಿಗ್ಗೆ ಅವರು ಹಿಂದೆ ಸರಿದರು. 27ರಂದು ನಡೆದ ಎರಡನೇ ಸುತ್ತಿನಲ್ಲಿ ಜಾನ್ ಮೇಜರ್ 185, ಹೆಸೆಲ್ಟೈನ್ 131, ಡಗ್ಲಸ್ ಹರ್ಡ್ 56. ಕೆಡವಿದವರು ಒಬ್ಬರು, ಕುಳಿತವರು ಇನ್ನೊಬ್ಬರು. ಹಾಗಾದರೆ ಫಲ ನೋಡಿ ಹೆಸೆಲ್ಟೈನ್ ಅವರನ್ನೂ ಮರೆಗುದುರೆ ಎನ್ನಬಹುದೇ? ಕೂಡದು ಎಂದು ನನ್ನ ಅನಿಸಿಕೆ. ಈ ಪದದ ಜೀವ ಉದ್ದೇಶದಲ್ಲಿದೆ, ಫಲಿತಾಂಶದಲ್ಲಿಲ್ಲ.

ಈಗ ಕನ್ಸರ್ವೇಟಿವ್ ಪಕ್ಷದ ನಿಯಮ ಬದಲಾಗಿದೆ. 2018ರಲ್ಲಿ ತೆರೇಸಾ ಮೇ, 2022ರಲ್ಲಿ ಬೋರಿಸ್ ಜಾನ್ಸನ್ ಎದುರಿಸಿದ್ದು ಎದುರಾಳಿಯೇ ಇಲ್ಲದ ವಿಶ್ವಾಸಮತವನ್ನು. ಲೇಬರ್ ಪಕ್ಷದ ನಾಯಕರಿಗೆ ಸವಾಲು ಹಾಕಲು ಪಕ್ಷದ ಸಂಸದರಲ್ಲಿ ಶೇ 20 ಮಂದಿಯ ಬೆಂಬಲ ಬೇಕು. ಮೇಯರ್ ಅವರಂಥ ಒಂಟಿ ಮನುಷ್ಯ ಅಲ್ಲಿ ನಿಲ್ಲುವುದು ಕಷ್ಟ. ಆದರೂ ಪ್ರಧಾನಿಯೊಬ್ಬರ ಕುರ್ಚಿ ಅಲುಗಾಡಿದಾಗಲೆಲ್ಲ ಈ ಮಾತು ಮತ್ತೆ ಮೇಲೇಳುತ್ತದೆ. ಆದ್ದರಿಂದ ಕನ್ನಡಕ್ಕೆ ಗಟ್ಟಿಯಾದ ಪದವೊಂದು ಬೇಕೇ ಬೇಕು.

ನನ್ನ ಕೋರಿಕೆ ಎರಡು. ‘ಮರೆಗುದುರೆ’ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ, ಮುಚ್ಚುಮರೆಯಿಲ್ಲದೆ ತಿಳಿಸಿ. ಮತ್ತು ನಿಮ್ಮ ಸೀಮೆಯಲ್ಲಿ ಎತ್ತಿನ ಮರೆಯಲ್ಲೋ ಎಮ್ಮೆಯ ಮರೆಯಲ್ಲೋ ಹಕ್ಕಿ ಹಿಡಿಯುತ್ತಿದ್ದವರನ್ನು ನೀವು ಕಂಡಿದ್ದರೆ, ಆ ದನವನ್ನು ಅವರು ಏನೆಂದು ಕರೆಯುತ್ತಿದ್ದರು? ಬಳಕೆಯಲ್ಲಿದ್ದ ಆ ಪದವೇ ಸಿಕ್ಕರೆ, ನಾನು ಕಟ್ಟಿದ್ದನ್ನು ಸಂತೋಷದಿಂದ ಅಳಿಸಿಹಾಕುತ್ತೇನೆ.