ಸಿಯಾಟಲ್ ಸೆಂಟ್ರಲ್ ಡಿಸ್ಟ್ರಿಕ್ಟ್: ಬ್ಲ್ಯಾಕ್ ಜನರ ಅಂಗಡಿಗಳು ಉಳಿಯೋದು ಹೇಗೆ?

ಮಲೆನಾಡ_ಮಳೆ:
ಎಲ್ರಿಗೂ ನಮಸ್ಕಾರ. ಸಿಯಾಟಲ್‌ಗೆ ಬಂದು ನಾಲ್ಕು ವರ್ಷ ಆಯ್ತು, ಮನೆ ಸೆಂಟ್ರಲ್ ಡಿಸ್ಟ್ರಿಕ್ಟ್‌ನಲ್ಲಿ. ನಾನು ಹೋಗ್ತಿದ್ದ ಕಟಿಂಗ್ ಶಾಪ್ ಹೋದ ತಿಂಗಳು ಮುಚ್ತು, ಬಾಡಿಗೆ ಏರಿಸಿದ್ರಂತೆ. ವಯಸ್ಸಾದ ಬ್ಲ್ಯಾಕ್ ಯಜಮಾನ್ರದ್ದು, ಕಟಿಂಗ್ ಇಲ್ದಿದ್ರೂ ಬಂದು ಕೂತು ಚೆಸ್ ಆಡೋರು ಮೂರ್ನಾಲ್ಕು ಜನ ಯಾವಾಗ್ಲೂ ಇರೋರು, ಕೊನೇ ದಿನ ಗೋಡೆ ಮೇಲಿನ ಫೋಟೋಗಳನ್ನ ಒಂದೊಂದೇ ಟವೆಲ್‌ನಲ್ಲಿ ಸುತ್ತಿ ಡಬ್ಬಕ್ಕೆ ಇಡ್ತಿದ್ರು, ನೋಡೋಕಾಗ್ಲಿಲ್ಲ ನಂಗೆ. ನಮ್ಮಂಥ ಟೆಕ್ ಸಂಬಳದೋರು ಬಂದಿದ್ದಕ್ಕೇ ಹೀಗಾಯ್ತಾ ಅಂತ ಮನಸ್ಸು ಕೊರೀತಿದೆ. ಇಂಥ ಅಂಗಡಿ ಉಳಿಯೋಕೆ ನಿಜವಾಗ್ಲೂ ಏನು ಮಾಡ್ಬೇಕು?

ಯೂನಿಯನ್_ಸ್ಟ್ರೀಟ್_ಹಳಬ:
ಟೆಕ್ ಒಂದೇ ಅಲ್ಲ ಕಣ್ರೀ, ಬೇರು ಇನ್ನೂ ಆಳ. ಹಿಂದೆ ಬೇರೆ ಏರಿಯಾಗಳಲ್ಲಿ ಮನೆ ಪತ್ರದಲ್ಲೇ ಬ್ಲ್ಯಾಕ್ ಜನಕ್ಕೆ ಮಾರಬಾರ್ದು ಅಂತ ಬರೆದಿರ್ತಿದ್ರು, ಅದಕ್ಕೇ ಅವರೆಲ್ಲ ಇಲ್ಲಿ ಸೇರಿದ್ದು, ಇಲ್ಲಿಗೆ ಬಂದ್ರೆ ಬ್ಯಾಂಕಿನೋರು ಈ ಏರಿಯಾ ಅಂದ್ರೆ ಸಾಲನೇ ಕೊಡ್ತಿರ್ಲಿಲ್ಲ, ರೆಡ್‌ಲೈನಿಂಗ್ ಅಂತಾರಲ್ಲ ಅದೇ. ಸಾಲ ಇಲ್ಲ ಅಂದ್ಮೇಲೆ ಸ್ವಂತ ಕಟ್ಟಡ ಎಲ್ಲಿಂದ ಬರ್ಬೇಕು? 1968ರಲ್ಲಿ ತಾವೇ ಲಿಬರ್ಟಿ ಬ್ಯಾಂಕ್ ಶುರು ಮಾಡಿದ್ರು, 1988ಕ್ಕೆ ಅದೂ ಮುಚ್ತು. 1970ರ ಹೊತ್ತಿಗೆ ಇಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಬ್ಲ್ಯಾಕ್ ಜನ ಇದ್ರು, ಈಗ 20 ಕೂಡ ಇಲ್ಲ.

ಅದೇ ಬ್ಯಾಂಕಿನ ಜಾಗದಲ್ಲಿ 2019ರಲ್ಲಿ ಲಿಬರ್ಟಿ ಬ್ಯಾಂಕ್ ಬಿಲ್ಡಿಂಗ್ ಎದ್ದಿದೆ, ಕಮ್ಮಿ ಬಾಡಿಗೆಯ 115 ಮನೆ, ಕೆಳಗೆ ಅಂಗಡಿಗಳು. ಅಕ್ಕಪಕ್ಕದಲ್ಲೇ ಬಹಳ ವರ್ಷ ನಡೆಸಿದ್ದ ಅರ್ಲ್ಸ್ ಕಟ್ಸ್ ಅಂಡ್ ಸ್ಟೈಲ್ಸ್ ಅನ್ನೋ ಕಟಿಂಗ್ ಶಾಪ್‌ಗೂ ಅಲ್ಲಿ ಜಾಗ ಸಿಕ್ತು. ಆ ಕೆಲಸಕ್ಕೆ ಕೈಜೋಡಿಸಿದ್ದು ಆಫ್ರಿಕಾಟೌನ್ ಕಮ್ಯೂನಿಟಿ ಲ್ಯಾಂಡ್ ಟ್ರಸ್ಟ್. ಲ್ಯಾಂಡ್ ಟ್ರಸ್ಟ್ ಅಂದ್ರೆ ಜಾಗ ಸಮುದಾಯದ ಹೆಸರಲ್ಲೇ ಉಳಿಯತ್ತೆ, ರೇಟ್ ಬಂತು ಅಂತ ಮಾರಿಕೊಳ್ಳಲ್ಲ. ಗಿರಾಕಿ ಎಷ್ಟೇ ಇರ್ಲಿ, ನೆಲ ಬೇರೆಯವರದ್ದಾದ್ರೆ ಒಂದು ನೋಟಿಸ್ ಸಾಕು ಎಬ್ಬಿಸೋಕೆ.

ಡರ್ಹಮ್_ಕನ್ನಡತಿ:
ಸರ್ ಹೇಳಿದ್ದು ಸರಿ. ಇಲ್ಲಿ ನಾರ್ತ್ ಕ್ಯಾರೊಲೈನಾದಲ್ಲೂ ಹೇಟೈ ಅಂತ ದೊಡ್ಡ ಬ್ಲ್ಯಾಕ್ ಪೇಟೆ ಇತ್ತು, ಅರ್ಬನ್ ರಿನ್ಯೂಯಲ್, ಅಂದ್ರೆ ಹಳೇ ಏರಿಯಾ ಕೆಡವಿ ಹೊಸದಾಗಿ ಕಟ್ಟೋ ಸರ್ಕಾರಿ ಯೋಜನೆ, ಅಂತ ಅದನ್ನ ಕೆಡವಿ ಮಧ್ಯದಲ್ಲೇ ಹೈವೇ ಹಾಯಿಸಿದ್ರು. ಆದ್ರೆ 1907ರಲ್ಲಿ ಬ್ಲ್ಯಾಕ್ ಜನರೇ ಹುಟ್ಟುಹಾಕಿದ ಮೆಕ್ಯಾನಿಕ್ಸ್ ಅಂಡ್ ಫಾರ್ಮರ್ಸ್ ಬ್ಯಾಂಕ್ ಇನ್ನೂ ಇದೆ, ನನ್ನ ಸೇವಿಂಗ್ಸ್‌ನಲ್ಲಿ ಒಂದು ಪಾಲು ಅಲ್ಲೇ. ಅಂಗಡಿಗೆ ಹೋಗಿ ಖರ್ಚು ಮಾಡೋದು ಬೇಕೇ ಬೇಕು, ಆದ್ರೆ ಇಂಥ ಬ್ಯಾಂಕಲ್ಲಿ ಡೆಪಾಸಿಟ್ ಇಟ್ರೆ ಅದೇ ದುಡ್ಡು ಇಂಥ ಅಂಗಡಿಯೋರಿಗೆ ಸಾಲವಾಗಿ ಹೊರಗೆ ಬರಬಹುದು.

ಮಲೆನಾಡ_ಮಳೆ:
ಇಬ್ರಿಗೂ ತುಂಬಾ ಥ್ಯಾಂಕ್ಸ್. ಯಜಮಾನ್ರು ಈಗ ಮಗಳ ಮನೆ ಗ್ಯಾರೇಜ್‌ನಲ್ಲಿ ಒಂದೇ ಕುರ್ಚಿ ಹಾಕ್ಕೊಂಡು ಕಟಿಂಗ್ ಮಾಡ್ತಿದಾರೆ. ಶನಿವಾರ ಹೋಗ್ತೀನಿ, ಲ್ಯಾಂಡ್ ಟ್ರಸ್ಟ್‌ನೋರನ್ನ ಕೇಳಿ ನೋಡಿದೀರಾ ಅಂತ ವಿಚಾರಿಸ್ತೀನಿ.